ಹಿಂದೆ ಬರುತ್ತಿದ್ದ ಸದ್ದು

ಶಿರಾದಲ್ಲಿ ಲಾರಿ, ಟ್ರ್ಯಾಕ್ಟರು ರಿಪೇರಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಗಾಡಿ ಗೇಟಿನೊಳಗೆ ಬರುವಷ್ಟರಲ್ಲೇ ಸದ್ದು ಕೇಳಿ "ಬೇರಿಂಗ್ ಹೋಗೈತೆ" ಅನ್ನುವವರು ನಮ್ಮ ಅಂಗಡಿ ಪಕ್ಕದ ಖಲೀಲ್ ಸಾಬರು ಒಬ್ಬರೇ. ಅದರ ಜಂಬವೂ ಅವರಿಗಿದೆ. ನನ್ನ ಸ್ಕೂಟರು ಸ್ಟಾರ್ಟ್ ಆದಾಗಲೆಲ್ಲ ಮುಖ ಕಿವುಚುತ್ತಾರೆ, ನನಗೆ ಮೈ ಉರಿಯುತ್ತದೆ.

ಕಳೆದ ಬೇಸಿಗೆಯಲ್ಲಿ ತುಮಕೂರಿನ ಪ್ರಭುದೇವ್ ಎನ್ನುವವರು ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ತಂದು ಅವರ ಶೆಡ್ಡಿನಲ್ಲಿ ನಿಲ್ಲಿಸಿದರು. ಬಟ್ಟೆಯ ಛಾವಣಿ, ಬೇಕೆಂದಾಗ ಹಿಂದಕ್ಕೆ ಮಡಚಬಹುದು. ಮನೆ ಕೆಡವಿ ಕಟ್ಟಿಸುತ್ತಿದ್ದರು, ಅದು ಮುಗಿಯುವ ತನಕ ಕಾರು ಇಲ್ಲಿರಲಿ ಎಂದರು. ಹೊರಡುವ ಮುಂಚೆ, "ಹಿಂದೆ ಟಕ್ ಟಕ್ ಅಂತ ಸದ್ದು ಬರ್ತಿತ್ತು. ಮುಂದೆ ತೊಂದರೆ ಆಗಬಾರದು, ಒಂದ್ಸಲ ನೋಡಿಬಿಡಿ" ಎಂದು ಹೇಳಿದರು. ನಾನೂ ಅಲ್ಲೇ ನಿಂತಿದ್ದೆ.

ಸಾಬರು ಆ ಕಾರನ್ನು ಬಾಣಂತಿಯ ಹಾಗೆ ನೋಡಿಕೊಂಡರು. ಬ್ಯಾಟರಿ ವೈರು ಬಿಚ್ಚಿಟ್ಟರು, ಇಲಿಗೆ ಹೆದರಿ ಸೀಟಿನ ಕೆಳಗೆ ನುಸಿಗುಳಿಗೆ ಹಾಕಿದರು, ಮೇಲೆ ಹಳೆಯ ಕಂಬಳಿ ಹೊದಿಸಿದರು. ಗಾಳಿಯಾಡಲೆಂದು ಛಾವಣಿ ತೆರೆದ ದಿನ ಕೋಳಿಯೊಂದು ಹಾರಿ ಡ್ರೈವರ್ ಸೀಟಿನಲ್ಲೇ ಮೊಟ್ಟೆ ಇಟ್ಟಿತು. ಸಾಬರ ಹೆಂಡತಿ ಶಹರ್‌ಬಾನು ಅದನ್ನು ನನಗೇ ತಂದುಕೊಟ್ಟು, "ಫಾರಿನ್ ಮೊಟ್ಟೆ, ತಗಳ್ಳಿ ರಂಗರಾಜಣ್ಣ" ಎಂದು ನಕ್ಕರು.

ಸದ್ದು ಹುಡುಕಲು ಹೊರಟ ಮೇಲೆ ನಗು ನಿಂತಿತು. ಸಾಬರು ಹಿಂದಿನ ಚಕ್ರಗಳನ್ನು ಮೇಲೆತ್ತಿ, ಗೇರ್ ಹಾಕಿ ತಿರುಗಿಸಿ, ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಹಿಂಬದಿಯ ಗೇರ್ ಡಬ್ಬಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡರು. ಏನೂ ಕೇಳಲಿಲ್ಲ. ಡಬ್ಬಿ ಬಿಚ್ಚಿದರೆ ಹಲ್ಲುಗಳೆಲ್ಲ ನೆಟ್ಟಗಿದ್ದವು. ಮತ್ತೆ ಜೋಡಿಸಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಳ್ಳಂಬೆಳ್ಳದವರೆಗೆ ಓಡಿಸಿದರು.

"ಕೇಳುಸ್ತೈತಾ?" ಎಂದು ಅವರು ತಮಗೇನೋ ಕೇಳಿದವರಂತೆ ತಲೆಯಾಡಿಸುತ್ತ ಕೇಳಿದ್ದಕ್ಕೆ ಶಹರ್‌ಬಾನು, "ಹೂಂ, ಹಿಂದ್ಗಡೆ, ಸಣ್ಣುಗೆ" ಎಂದರಂತೆ. ಸಾಬರು ಇನ್ನೂ ಜೋರಾಗಿ ತಲೆಯಾಡಿಸಿದರಂತೆ.

ಅವತ್ತಿನಿಂದ ಮನುಷ್ಯ ಇಳಿದುಹೋದರು. ನನ್ನ ಅಂಗಡಿಗೆ ಬಂದು ಕೂತು, "ನನ್ ಕಿವಿ ಹೋಯ್ತು ರಂಗರಾಜಣ್ಣ. ಅವಳಿಗೆ ಕೇಳುಸ್ತೈತೆ, ನಂಗಿಲ್ಲ. ಕಿವಿ ಇಲ್ದೋನು ಏನ್ ಮೆಕ್ಯಾನಿಕ್ಕು? ಇನ್ ಶೆಡ್ ಬಾಗ್ಲು ಹಾಕ್ಬುಡೋದೇಯ" ಎಂದರು. ನಾನು ಬೇಕೆಂದೇ ಸ್ಕೂಟರ್ ಸ್ಟಾರ್ಟ್ ಮಾಡಿದೆ. ಅವರು ಮುಖ ಕಿವುಚಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕಾರು ಬೇರೆ ಕಡೆ ಒಯ್ಯಿರಿ ಎಂದು ಹೇಳಲು ಸಾಬರು ನನ್ನ ಮತ್ತು ಶಹರ್‌ಬಾನು ಅವರ ಎದುರಿಗೇ ಪ್ರಭುದೇವ್‌ಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ಸಾರ್, ಹಿಂದೆ ಬರೋ ಸದ್ದು ನಂಗೆ ಸಿಗ್ತಾ ಇಲ್ಲ."

"ಹೇಗ್ರೀ ಸಿಗುತ್ತೆ? ಹಿಂದೆ ಅಂದ್ರೆ ಮೊದಲು, ಹೋದ ವರ್ಷ! ಆಗಲೇ ರಿಪೇರಿಯಾಗಿ ನಿಂತುಹೋಯ್ತು. ಮತ್ತೆ ಬರದೇ ಇರಲಿ ಅಂತ ನೋಡೋಕೆ ಹೇಳಿದೆ."

ಮನೆಯಲ್ಲಿ ಉರ್ದು ಆಡುವ ಸಾಬರು 'ಹಿಂದೆ' ಎಂದರೆ 'ಪೀಛೇ' ಎಂದುಕೊಂಡು ಕಾರಿನ ಬೆನ್ನನ್ನೇ ಬಿಚ್ಚಿದ್ದರು. ಛೇಡಿಸೋಣವೆಂದರೆ, ಹುಟ್ಟಿದಾಗಿನಿಂದ ಕನ್ನಡವನ್ನೇ ಆಡುವ ನಾನೂ ಹಾಗೇ ತಿಳಿದಿದ್ದೆ.

"ಯಾ ಅಲ್ಲಾ" ಎಂದು ಸಾಬರು ಕುಸಿದು ಕೂತರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ನನ್ನ ಎದೆಯೂ ಹಗುರಾಯಿತು. ಆಮೇಲೆ ಏನೋ ಹೊಳೆದವರಂತೆ ಹೆಂಡತಿಯ ಕಡೆ ತಿರುಗಿ, "ಅಂಗಾರೆ ನಿಂಗೆ ಅವತ್ತು ಕೇಳ್ಸಿದ್ದು ಏನೇ?" ಎಂದರು.

"ನಂಗೇನೂ ಕೇಳುಸ್ಲಿಲ್ಲ" ಎಂದರು ಶಹರ್‌ಬಾನು. "ನೀವ್ ತಲೆ ಆಡಿಸ್ತಿದ್ರಿ. ನನ್ ಕಿವೀನೇ ಹೋಯ್ತು ಅಂದ್ಕಂಡೆ. ಹೇಳಿದ್ರೆ ನೀವೆಲ್ಲಿ ಹೆದರ್ಕಂತೀರೋ ಅಂತ ಹೂಂ ಅಂದ್ಬುಟ್ಟೆ."