ಬೀಗರು ತಂದ ಬ್ಯಾಟು

ನನ್ನ ಗಂಡ ವೆಂಡೆಲ್ ಒಳ್ಳೆಯ ಮನುಷ್ಯ, ಬೀಗರ ಹೆಸರು ಕಿವಿಗೆ ಬೀಳುವ ತನಕ. ಬಿದ್ದರೆ ಮುಗಿಯಿತು, ಹೊಟ್ಟೆಯಲ್ಲಿ ಬೆಂಕಿ.

ನೆಬ್ರಾಸ್ಕಾದ ನಮ್ಮೂರಲ್ಲಿ ಚಿಕ್ಕ ಮಕ್ಕಳ ಬೇಸ್‌ಬಾಲ್ ಶುರುವಾಗುವ ದಿನ ಬ್ಯಾಟುಗಳ ಪರೀಕ್ಷೆ ಇವರದ್ದೇ. ಮಗು ಒಂದೇ ಕೈಯಲ್ಲಿ ಬ್ಯಾಟನ್ನು ಪಕ್ಕಕ್ಕೆ ಚಾಚಿ ಹಿಡಿಯಬೇಕು. ತುದಿ ಬಾಗಿದರೆ, “ಭಾರ ಆಯ್ತು, ಬೇರೆ ತಗೊಂಬನ್ನಿ” ಎಂದು ಯಾರ ಮುಲಾಜಿಗೂ ಬೀಳದೆ ವಾಪಸು ಕಳಿಸುತ್ತಾರೆ.

ಈ ವರ್ಷ ನಮ್ಮ ಮಗಳ ಮಗಳು ಟಿಲ್ಲಿಗೆ ಮೊದಲ ಆಟ. ಆರು ವರ್ಷದ ಕೂಸು. ಇವರು ಅಂಗಡಿಯವನ ತಲೆ ತಿಂದು, ಒಂದೊಂದನ್ನೂ ತೂಗಿ ನೋಡಿ, ಹಗುರವಾದ ಕೆಂಪು ಬ್ಯಾಟು ಆರಿಸಿದರು. ಆಟದ ದಿನ ಮೈದಾನದಲ್ಲೇ ಕೊಡಬೇಕೆಂದು ಟ್ರಕ್ಕಿನಲ್ಲಿ ಮುಚ್ಚಿಟ್ಟರು.

ಅಷ್ಟರಲ್ಲಿ ಅರಿಜೋನಾದಿಂದ ಗಾರ್ಲಂಡ್ ಬಂದಿಳಿದರು. ಅವರೇ ಬೀಗರು, ಟಿಲ್ಲಿಯ ಅಪ್ಪನ ಅಪ್ಪ. ಕೈಯಲ್ಲಿ ಥಳಥಳ ಹೊಳೆಯುವ ಚಿನ್ನದ ಬಣ್ಣದ ಬ್ಯಾಟು, ಟಿಲ್ಲಿಯ ಎದೆಮಟ್ಟ.

“ಬೆಳೆಯೋ ಮಗು ಬೀಗರೇ, ದೊಡ್ಡದೇ ಇರ್ಲಿ. ಮೂರು ವರ್ಷ ಬರುತ್ತೆ!”

ಟಿಲ್ಲಿ ಅದನ್ನು ತಬ್ಬಿಕೊಂಡೇ ಮಲಗಿದಳು. ಇವರಿಗೆ ಊಟ ಸೇರಲಿಲ್ಲ.

“ರೀ, ಅದು ಭಾರ ಅಂತ ಹೇಳ್ಬಿಡಿ,” ಅಂದೆ.

“ನಾನ್ಯಾಕೆ ಹೇಳ್ಲಿ? ವರ್ಷಕ್ಕೊಂದ್ಸಲ ಬಂದು ಮೆರೀತಾನೆ. ಅವನ ಬ್ಯಾಟಿನ ಚಂದ ಊರೆಲ್ಲ ನೋಡ್ಲಿ!”

ಮಗಳ ಹತ್ತಿರ ನಾನೇ ಹೇಳಿದೆ. ಅವಳು ನಕ್ಕುಬಿಟ್ಟಳು. “ಅಮ್ಮಾ, ಭಾರ ಆಗಿರೋದು ಬ್ಯಾಟಲ್ಲ, ಅಪ್ಪನ ಹೊಟ್ಟೆಕಿಚ್ಚು. ಸುಮ್ನಿರು.”

ಶನಿವಾರ ಮಕ್ಕಳು ಸಾಲಾಗಿ ನಿಂತರು. ಇವರು ಒಬ್ಬೊಬ್ಬರ ಕೈ ಚಾಚಿಸಿ ನೋಡಿದರು, ಇಬ್ಬರ ಬ್ಯಾಟು ಬದಲಾಯಿಸಿದರು. ಟಿಲ್ಲಿಯ ಸರದಿ ಬಂದಾಗ ಬೆನ್ನು ತಟ್ಟಿ, “ನೀನು ಹೋಗಮ್ಮ” ಅಂದರು. ಅಷ್ಟೇ.

ಇಷ್ಟು ಚಿಕ್ಕವರಿಗೆ ಚೆಂಡು ಎಸೆಯುವುದಿಲ್ಲ, ಗೂಟದ ಮೇಲೆ ಇಟ್ಟು ಹೊಡೆಸುತ್ತಾರೆ. ಹಾಗೆ ಚೆಂಡು ಇಟ್ಟರು. ಟಿಲ್ಲಿ ಬೀಸಿದಳು. ಬ್ಯಾಟೇ ಅವಳನ್ನು ಎಳೆದುಕೊಂಡು ಸುತ್ತಿತು. ಮತ್ತೆ ಬೀಸಿದಾಗ ಗೂಟ ಉರುಳಿತು. ಮತ್ತೊಮ್ಮೆ ಬೀಸಿ ಮಣ್ಣಿನಲ್ಲಿ ಕುಕ್ಕರಿಸಿದಳು. ಮಕ್ಕಳೆಲ್ಲ ಗೊಳ್ಳೆಂದರು. “ಇನ್ನೂ ಜೋರಾಗಿ ಪುಟ್ಟಿ!” ಎಂದು ಗಾರ್ಲಂಡ್ ಕೂಗುತ್ತಲೇ ಇದ್ದರು. ಇವರ ತುಟಿಯಂಚಿನಲ್ಲಿ ನಗು ಮೂಡಿದ್ದನ್ನು ನಾನು ಕಣ್ಣಾರೆ ಕಂಡೆ. ಆ ಕ್ಷಣ ಈ ಮನುಷ್ಯನನ್ನು ಕಂಡರೆ ನನಗೆ ಮೈಯೆಲ್ಲ ಉರಿಯಿತು.

ಅವಳು ಅಳುತ್ತಾ ಹೊರಗೆ ಬಂದಳು. ಇವರು ಕೆಂಪು ಬ್ಯಾಟು ಹಿಡಿದು ಓಡಿದರು.

“ತಗೋ ಪುಟ್ಟಿ, ಇದು ಹಗುರ ಇದೆ. ತಪ್ಪೆಲ್ಲ ಆ ಬ್ಯಾಟಿಂದು.”

ಟಿಲ್ಲಿ ಕೈ ಚಾಚಲಿಲ್ಲ.

“ಇಲ್ಲ ತಾತ. ಸರಿ ಇಲ್ದಿದ್ರೆ ನೀನು ಆಗ್ಲೇ ಹೇಳ್ತಿದ್ದೆ. ಎಲ್ಲಾರಿಗೂ ಹೇಳ್ದೆ ಅಲ್ವಾ? ನಂಗೇ ಆಡಕ್ಕೆ ಬರಲ್ಲ.”

ಹೆಲ್ಮೆಟ್ ತೆಗೆದು ತಾತನ ಕೈಗಿಟ್ಟು, ಅವಳು ಕಾರಿನ ಕಡೆ ನಡೆದಳು.