ಡ್ರಮ್ಮಿನವನನ್ನು ಹಸೆಗೆ ಕೂರಿಸಿದ್ದು

ನಾವು ಐದು ಜನ ಹೆಂಗಸರು, ಮದುವೆ ಮನೆಯಲ್ಲಿ ಸೋಬಾನೆ ಹೇಳುವವರು. ನಾನು, ನನ್ನ ವಾರಗಿತ್ತಿ, ಊರಿನ ಇನ್ನು ಮೂವರು. ವಾರಗಿತ್ತಿ ನನಗಿಂತ ದೊಡ್ಡವಳು, ಅಕ್ಕ ಎನ್ನುತ್ತೇನೆ. ಅಕ್ಕ ಸೊಲ್ಲು ಎತ್ತಿದರೆ ನಾವು ನಾಲ್ವರು ಹಿಂದಿನಿಂದ ಹೇಳುತ್ತೇವೆ. ತಾಳವಿಲ್ಲ, ಮೇಳವಿಲ್ಲ, ಬರೀ ಗಂಟಲು. ಭೀಮನಬೀಡಿನ ಕಡೆ ಅರಿಸಿನ ಕಿತ್ತು ಬೇಯಿಸಿ ಒಣಗಿಸಿದ ಮೇಲೆ ನಮಗೆ ಕೈ ಬಿಡುವು, ಮದುವೆಗಳೂ ಆಗಲೇ.

ಅಂಥ ಒಂದು ಮದುವೆಗೆ ರಾಕ್ ಬ್ಯಾಂಡಿನ ಹಾಡುಗಾರನೊಬ್ಬ ಬಂದಿದ್ದ. ಉದ್ದ ಕೂದಲು, ಅದಕ್ಕೊಂದು ರಬ್ಬರ್ ಬ್ಯಾಂಡ್. ನಾವು ಊಟಕ್ಕೆ ಕೂತಿದ್ದಾಗ ಎಲೆಯ ಮುಂದೆಯೇ ಕುಕ್ಕರಗಾಲಲ್ಲಿ ಕೂತು ವಿಷಯ ಹೇಳಿದ. ಚಾಮರಾಜನಗರ, ಬದನಗುಪ್ಪೆ, ಗುಂಡ್ಲುಪೇಟೆ, ಮೂರು ಕಡೆ ಪ್ರೋಗ್ರಾಂ. ಅವರ ಎರಡು ಹಾಡಿಗೆ ನಮ್ಮದೊಂದು.

"ನಿಮ್ಮ ಹಾಡಿಗೆ ನಾವು ಏನೂ ಬಾರಿಸಲ್ಲ ಆಂಟಿ. ಸುಮ್ನೆ ನಿಂತಿರ್ತೀವಿ."

"ಸುಮ್ನೆ ನಿಲ್ಲೋದಾದ್ರೆ ಬತ್ತೀವಿ ಕಣಪ್ಪ," ಅಂದಳು ಅಕ್ಕ.

ಟೆಂಪೋ ಟ್ರಾವೆಲರಿನಲ್ಲಿ ಹಿಂದಿನ ಸೀಟೆಲ್ಲ ಡ್ರಮ್ಮಿಗೆ. ಕಿಟಕಿ ಪಕ್ಕ ನಮ್ಮಲ್ಲಿ ವಾಂತಿ ಮಾಡುವವಳು. ನನ್ನ ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ, ಅದರ ಮೇಲೆ ಗಿಟಾರಿನವನ ವೈರಿನ ಸುರುಳಿ. ಇವನಿಗೆ ಎದೆಯವರೆಗೆ ಗಡ್ಡ, ಮಾತು ಮಾತ್ರ ಹಸುಗೂಸಿನಷ್ಟು ಮೆತ್ತಗೆ. ಅವರ ಹಾಡು ಶುರುವಾದರೆ ಕಿವಿಗೆ ಇಟ್ಟುಕೊಳ್ಳಲು ದೀಪದ ಹೂಬತ್ತಿ ತಂದಿದ್ದೆವು. ಅದು ಎರಡನೇ ದಿನ ಬ್ಯಾಂಡಿನವರಿಗೂ ಬೇಕಾಯಿತು.

ಮೊದಲ ದಿನ ಚಾಮರಾಜನಗರದ ಬಯಲಿನಲ್ಲಿ ಅವರ ಎರಡು ಹಾಡು ಮುಗಿದು ನಮ್ಮ ಸರದಿ ಬಂತು. ಅಕ್ಕ ಮೈಕಿನ ಮುಂದೆ ನಿಂತು ಬಾಯಿ ತೆರೆಯಲೇ ಇಲ್ಲ.

"ಅಸೆ ಮ್ಯಾಲೆ ಯಾರು?" ಅಂದಳು. ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು.

ಹಸೆ ಬರೆದು, ಅದರ ಮೇಲೆ ಮಣೆ ಹಾಕಿ, ಮಣೆಯ ಮೇಲೆ ಮದುಮಕ್ಕಳನ್ನು ಕೂರಿಸಿಕೊಂಡೇ ನಾವು ಸೋಬಾನೆ ಹೇಳುವುದು. ಹುಟ್ಟಿದಂದಿನಿಂದ ಖಾಲಿ ಮಣೆಗೆ ಹೇಳಿದವಳಲ್ಲ ಅಕ್ಕ. ಒಪ್ಪಿಕೊಂಡು ಬರುವಾಗ ನಮ್ಮ ಐವರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

"ಸುಮ್ನೆ ಹಾಡಿ ಆಂಟಿ, ಜನ ಕಾಯ್ತಾವ್ರೆ," ಅಂದ ಹಾಡುಗಾರ.

"ಮದ್ವೆ ಆಗದೋನು ಯಾರವ್ನೆ ನಿಮ್ಮಲ್ಲಿ? ಅವನ್ನ ಕೂರ್ಸು."

ಹಾಡುಗಾರನಿಗೆ ಆಗಿತ್ತು. ಗಿಟಾರಿನವನಿಗೆ ಆಗಿ, ಬಿಟ್ಟೂ ಆಗಿತ್ತು. ಉಳಿದವನು ಡ್ರಮ್ಮಿನವನು. ವಯಸ್ಸು ಮೂವತ್ತಾರು, ಮುಂದಲೆಯ ಕೂದಲು ಉದುರಿತ್ತು, ವಾರವೆಲ್ಲ ಬದನಗುಪ್ಪೆಯ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ನೋಡಿಕೊಳ್ಳುವವನು. ನಾನೇ ಚೀಲದಲ್ಲಿದ್ದ ಅಕ್ಕಿಯಿಂದ ಸ್ಟೇಜಿನ ಮೇಲೆ ಹಸೆ ಬರೆದೆ. ಮಣೆಗೆ ಸ್ಪೀಕರ್ ಪೆಟ್ಟಿಗೆಯ ಮುಚ್ಚಳ. ಕೂರಿಸಿ, ಕೆನ್ನೆಗೆ ನಮ್ಮ ಹೊಲದ ಅರಿಸಿನ ಹಚ್ಚಿ, ಆರತಿ ಎತ್ತಿದೆವು. ಜನ ಹಾಕಿದ ಶಿಳ್ಳೆಗೆ ಆರತಿಯ ದೀಪವೇ ಅಲ್ಲಾಡಿತು.

ಮಾರನೆ ದಿನ ಬದನಗುಪ್ಪೆಯಲ್ಲೂ ಅವನೇ ಕೂತ. ಎದುರಿಗೆ ಇದ್ದವರೆಲ್ಲ ಅವನ ಫ್ಯಾಕ್ಟರಿಯ ಜನ. ಮೂರನೆಯ ದಿನ ಬೆಳಿಗ್ಗೆ ಡ್ಯೂಟಿಗೆ ಹೋದವನಿಗೆ ಮ್ಯಾನೇಜರು ಕೈ ಕುಲುಕಿ ಮದುವೆ ರಜೆ ಕೊಟ್ಟು ಕಳಿಸಿದರಂತೆ. ಇವನು ಇಲ್ಲ ಸಾರ್ ಅಂದರೆ, ನಾಚ್ಕೋಬೇಡಿ, ಹೋಗಿ ಅಂದರಂತೆ.

ಆ ರಜೆಯಲ್ಲೇ ನಮ್ಮ ಜೊತೆ ಗುಂಡ್ಲುಪೇಟೆಗೆ ಬಂದ. ದಾರಿಯಲ್ಲಿ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದ.

"ಚಿಕ್ಕಮ್ಮ, ಗುಂಡ್ಲುಪೇಟೇಲಿ ನಂಗೊಂದು ಹೆಣ್ಣು ನೋಡವ್ರೆ. ಚೆಂಡುಹೂ ಬೆಳೆಯೋರು. ಹೆಣ್ಣು ಒಪ್ಕಂಡದೆ, ನಾನೂ ಒಪ್ಪಿವ್ನಿ. ಇದುವರ್ಗೂ ಏಳು ಕಡೆ ಬ್ಯಾಡ ಅಂದವ್ರೆ. ಇದೊಂದು ತಪ್ಪೋದ್ರೆ ಇನ್ನ ನಂಗ್ ಮದ್ವೆ ಇಲ್ಲ."

"ಒಳ್ಳೇದಾಯ್ತಲ್ಲ ಮಗ."

"ಎಲ್ ಒಳ್ಳೇದು. ನಮ್ ಫ್ಯಾಕ್ಟ್ರೀಲಿ ಅವ್ರ ಬೀದಿಯೋನು ಒಬ್ಬ ಅವ್ನೆ. ನಂಗ್ ಮದ್ವೆ ಆಗೋಯ್ತು ಅಂತ ಯೇಳ್ಬುಟ್ಟವ್ನೆ. ಫೋಟೋನೂ ತೋರ್ಸವ್ನೆ, ಅರಿಸಿನ ಅಚ್ಕಂಡಿರೋದು. ಹೆಣ್ಣಿನ ಅಜ್ಜಿ ಇವತ್ತು ಮಂಟಪಕ್ಕೇ ಬತ್ತಾದಂತೆ."

ಪ್ರೋಗ್ರಾಂ ಸಂಜೆ ಕಲ್ಯಾಣ ಮಂಟಪದಲ್ಲಿ. ಅಜ್ಜಿ ಮಧ್ಯಾಹ್ನವೇ ಬಂದು ಊಟದ ಹಾಲಿನ ಬೆಂಚಿನ ಮೇಲೆ ಕೂತಿತ್ತು. ಪಕ್ಕದಲ್ಲಿ ಹೆಣ್ಣಿನ ಸೋದರಮಾವ, ಕೈಯಲ್ಲಿ ಫೋಟೋ ತೆರೆದಿಟ್ಟ ಮೊಬೈಲು.

"ಏನ್ಲಾ, ಎರಡ್ ಸಲ ಅಸೆಗೆ ಕುಂತಿದ್ದಿಯಂತೆ. ಹೆಂಡ್ತಿ ಒಬ್ಬಳೋ ಇಬ್ರೋ?" ಅಂತು ಅಜ್ಜಿ.

ಡ್ರಮ್ಮಿನವನು ಕಲಾವಿದ, ಸ್ಟೇಜು, ಪ್ರೋಗ್ರಾಂ ಅಂತ ಏನೇನೋ ತೊದಲಿದ. ಕೆನ್ನೆಯ ಅರಿಸಿನ ಇನ್ನೂ ಬಿಟ್ಟಿರಲಿಲ್ಲ. ಹಾಡುಗಾರ ಬ್ಯಾನರ್ ತೋರಿಸಿದ, ಅಜ್ಜಿ ಅದರ ಕಡೆ ತಿರುಗಲೂ ಇಲ್ಲ.

"ಬಾಯ್ ಮಾತ ಯಾರಾದ್ರೂ ಆಡ್ತಾರೆ. ನಾನೂ ಸೋಬಾನೆ ಯೇಳೋಳೆಯ. ಎರಡು ದಿನ ಏನೇನ್ ಪದ ಯೇಳುದ್ರಿ, ಅಷ್ಟೂ ಯೇಳಿ. ಮದ್ವೆ ಆಗ್ಯದೋ ಇಲ್ವೋ ನಾನು ಅದ್ರಲ್ಲಿ ಹಿಡೀತೀನಿ."

ನಾವು ಐವರೂ ಅಡುಗೆಮನೆಯ ಬಾಗಿಲಲ್ಲಿ ಸಾಲಾಗಿ ನಿಂತೆವು. ಅರಿಸಿನದ ಪದ, ಎಣ್ಣೆಯ ಪದ, ಆರತಿಯ ಪದ. ಅಜ್ಜಿ ಕಣ್ಣು ಮುಚ್ಚಿ ಒಂದೊಂದು ಪದಕ್ಕೂ ಒಂದೊಂದು ಬೆರಳು ಮಡಿಸಿತು. ಧಾರೆಯ ಪದ ಬರಲಿಲ್ಲ, ಹೆಣ್ಣು ಒಪ್ಪಿಸುವ ಪದವೂ ಬರಲಿಲ್ಲ. ಅವೆರಡಿಲ್ಲದೆ ಮದುವೆ ಆಗುವುದಿಲ್ಲ. ಡ್ರಮ್ಮಿನವನು ಗೋಡೆಗೆ ಒರಗಿಕೊಂಡು ಕೋರ್ಟಿನಲ್ಲಿ ನಿಂತವನ ಹಾಗೆ ನಮ್ಮ ಬಾಯನ್ನೇ ನೋಡುತ್ತಿದ್ದ.

"ಇಷ್ಟೇಯಾ?" ಅಂತು ಅಜ್ಜಿ.

ಇಷ್ಟೇ ಎನ್ನಬಹುದಿತ್ತು. ಆದರೆ ಪದದ ವಿಷಯದಲ್ಲಿ ಸುಳ್ಳು ಹೇಳುವುದು ಅಕ್ಕನಿಗೆ ಬರುವುದಿಲ್ಲ.

"ಇನ್ನೊಂದದೆ ಕಣವ್ವ. ಬದನಗುಪ್ಪೇಲಿ ಬೀಗಿತ್ತಿ ಪದ ಯೇಳುದ್ವು."

ಬೀಗಿತ್ತಿ ಪದ ಎಂದರೆ ಹೆಣ್ಣಿನ ಕಡೆಯವರನ್ನು ಬೈಯುವ ಪದ. ಹೆಣ್ಣಿನ ಕಡೆಯವರು ಎದುರಿಗಿದ್ದರೆ ತಾನೇ ಬೈಗುಳ. ಸೋದರಮಾವ ಎದ್ದು ನಿಂತ. ಡ್ರಮ್ಮಿನವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ಯಾವ ಬೀಗಿತ್ತಿಗೆ?" ಅಜ್ಜಿಯ ದನಿ ಗಡುಸಾಯಿತು.

"ಜನ ತಮಾಷೆ ಪದ ಬೇಕು ಅಂದ್ರು," ಅಂದೆ ನಾನು. "ಎದ್ರುಗೆ ಯಾರೂ ಇರ್ನಿಲ್ಲ. ಗಿಟಾರಿನೋನ್ನೇ ಬೀಗಿತ್ತಿ ಅಂತ ಇಟ್ಕಂಡು ಬೈದ್ವು."

"ಕರೀರಿ ಅವನ್ನ."

ಗಿಟಾರಿನವನು ಬಂದು ಕೈಕಟ್ಟಿ ನಿಂತ. ಅಜ್ಜಿ ಗಡ್ಡದಿಂದ ಪಾದದವರೆಗೆ ನೋಡಿತು, ಮತ್ತೆ ಪಾದದಿಂದ ಗಡ್ಡದವರೆಗೆ.

"ನೀನೇಯಾ ಬೀಗಿತ್ತಿ?"

"ಹೌದು ಅಜ್ಜಿ. ನಂಗೇ ಬೈದದ್ದು."

"ಏನಂತ ಬೈದ್ರು?"

"ಜಿಪುಣಿ ಅಂದ್ರು. ಒಬ್ಬಟ್ಟಿಗೆ ಹೂರಣ ಇಟ್ಟಿಲ್ಲ ಅಂದ್ರು. ಆಮೇಲೆ ನನ್ನ ನಡಿಗೆ ಎಮ್ಮೆ ನಡಿಗೆ ಅಂದ್ರು."

ಸೋದರಮಾವ, "ಓಗನ ನಡಿಯವ್ವ," ಅಂದ.

"ಕುಂತ್ಕೊಳ್ಳಲಾ," ಅಂತು ಅಜ್ಜಿ. ಆಮೇಲೆ ಅಕ್ಕನ ಕಡೆ ತಿರುಗಿತು. "ಅಲ್ಲ ಕಣವ್ವ, ಈ ಹೈದ ನೋಡಿರೋದು ನಮ್ ಹೆಣ್ಣ. ಜಿಪುಣಿ ಅನ್ನಿಸ್ಕಬೇಕಾದೋಳು ನಾನು. ನನಗೆ ಬರೋ ಬೈಗುಳ ತಕಂಡೋಗಿ ಈ ಗಡ್ಡದೋನಿಗೆ ಕೊಟ್ಬುಟ್ಟಿದ್ದೀರಲ್ಲ, ಇದು ನ್ಯಾಯವಾ? ಈಗ ನನ್ ಮುಂದೆ ಮೊದ್ಲಿಂದ ಯೇಳಿ."

ಅಕ್ಕ ಸೆರಗು ಸಿಕ್ಕಿಸಿಕೊಂಡು ಎತ್ತಿದಳು. ನಾವು ಹಿಂದೆ ಹೇಳಿದೆವು. ಅಜ್ಜಿ ಪೂರ್ತಿ ಕೇಳಿ, ಗಂಟಲು ಸರಿಮಾಡಿಕೊಂಡು, ನಮ್ಮ ಗಂಡಿನ ಮುಂದಲೆಯನ್ನು ಒಣಗಿದ ಕೆರೆಗೆ ಹೋಲಿಸಿ ತಿರುಗಿ ಹೇಳಿತು. ಗಂಡಿನ ಕಡೆಯವರನ್ನು ಬೈದ ಮೇಲೆ ಆ ಗಂಡನ್ನು ಬೇಡ ಅನ್ನುವುದಕ್ಕಾಗುವುದಿಲ್ಲ. ಸೋದರಮಾವನಿಗೂ ಅದು ಗೊತ್ತಿತ್ತು, ಮೊಬೈಲು ಜೇಬಿಗಿಟ್ಟ. ಡ್ರಮ್ಮಿನವನಿಗೆ ನಾನು ಕಿವಿಯಲ್ಲಿ ಹೇಳಬೇಕಾಯಿತು. ಅವನು ನಗುತ್ತಾನೋ ಅಳುತ್ತಾನೋ ತಿಳಿಯಲಿಲ್ಲ.

ಪದಕ್ಕೆ ಪದ ಬೆಳೆದು ಪ್ರೋಗ್ರಾಂ ಹೊತ್ತಾಯಿತು. ಹೊರಗೆ ಜನ ಕುರ್ಚಿ ಕುಟ್ಟುತ್ತಿದ್ದರು. ಡ್ರಮ್ಮಿನವನು ಎದ್ದರೆ ಅಜ್ಜಿ ತೋಳು ಹಿಡಿಯಿತು. ಅರಿಸಿನ ಹಚ್ಚಿದ ಗಂಡು ಕೆಲಸ ಮಾಡುವ ಹಾಗಿಲ್ಲ.

"ಅಜ್ಜಿ, ಡ್ರಮ್ ಇಲ್ದೆ ನಮಗೆ ಹಾಡಕ್ಕೇ ಆಗಲ್ಲ," ಅಂದ ಹಾಡುಗಾರ.

"ಇವರೈದ್ ಜನ ಹೆಂಗಸ್ರು ಏನಿಟ್ಕಂಡು ಆಡುದ್ರು?"

ಕೊನೆಗೆ ನಾವೇ ಅವರ ಹಿಂದೆ ನಿಂತು ಚಪ್ಪಾಳೆ ತಟ್ಟಿದೆವು. ನಮಗೆ ಬರುವುದು ಸೋಬಾನೆಯ ನಿಧಾನ ನಡಿಗೆ ಒಂದೇ. ಹಾಡುಗಾರ ಒಂದು ಸಾಲು ಅರಚಿ, ಮುಂದಿನ ಸಾಲಿಗೆ ನಮ್ಮ ಕೈ ಬರುವವರೆಗೆ ಬಾಯಿ ತೆರೆದುಕೊಂಡೇ ಕಾಯುತ್ತಿದ್ದ. ಡ್ರಮ್ಮಿನವನು ಮೊದಲ ಸಾಲಿನಲ್ಲಿ ಅಜ್ಜಿಯ ಪಕ್ಕ ಕೂತಿದ್ದ. ತಡೆಯಲಾರದೆ ಬೆರಳುಗಳು ತೊಡೆಯ ಮೇಲೆ ಬಡಿಯತೊಡಗಿದವು. ಅಜ್ಜಿ ಕೈ ಮೇಲೆ ಒಂದು ಕೊಟ್ಟಿತು. ಅವನು ಕೈ ಮಡಿಸಿಕೊಂಡು ಅಳಿಯನ ಹಾಗೆ ಕೂತ.