ಮೊದಲ ಗೆರೆ ದೇವರದು

ಧಪ್... ಧಪ್... ಮೊನ್ನೆ ಬೈಲಹೊಂಗಲದ ಪೋಸ್ಟ್ ಆಫೀಸಿನಲ್ಲಿ ಕ್ಲಾರ್ಕ್ ಕವರುಗಳ ಮೇಲೆ ಶಿಕ್ಕಾ ಹೊಡೆಯುತ್ತಿದ್ದ. ಕ್ಯೂದಲ್ಲಿ ನಿಂತವಳು ನನ್ನ ಟರ್ನ್ ಮರೆತೇಬಿಟ್ಟೆ. ಸವದತ್ತಿಯಲ್ಲಿ ನಮ್ಮ ಮನೆಯ ಗೋಡೆಯಾಚೆ ಎಷ್ಟೋ ಮಧ್ಯಾಹ್ನ ಇದೇ ಸಪ್ಪಳ. ಪಕ್ಕದ ಮನೆಯ ನಕಾಶಿ ಸರ್ ಲ್ಯಾಪ್‌ಟಾಪಿನ ಎಂಟರ್ ಕೀ ಒತ್ತುತ್ತಿದ್ದದ್ದೇ ಹಾಗೆ.

ಅವರು ನೀರಾವರಿ ಇಲಾಖೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವರು. ಕಾಲುವೆಗಳ ನಕಾಶೆ ಬರೆದೇ ರಿಟೈರ್ ಆದರು. ಓಣಿಯ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕಾಣಿಸತೊಡಗಿದಾಗ, ಇದು ಫ್ಲೋರೈಡಿನ ಕೆಲಸ ಎಂದು ಮೊದಲು ಹೇಳಿದವರೂ ಅವರೇ. ನಮಗಿದ್ದದ್ದು ಎರಡೇ ಬೋರ್‌ವೆಲ್, ಗುಡಿ ಮುಂದಿನದು ಮತ್ತು ಸಾಲಿ, ಅಂದರೆ ಶಾಲೆ, ಮುಂದಿನದು. ವಾರಕ್ಕೊಮ್ಮೆ ಕಿಟ್ ಹಿಡಿದು ಎರಡೂ ನೀರು ಪರೀಕ್ಷಿಸಿ, ವರ್ಷದ ಅಂಕಿಗಳನ್ನು ಗ್ರಾಫ್ ಮಾಡಿ ತೋರಿಸಬೇಕೆಂದು ಆ ವಯಸ್ಸಿನಲ್ಲಿ ಪೈಥಾನ್ ಕಲಿಯಲು ಕೂತರು. ಗ್ರಾಫ್ ಲೈಬ್ರರಿಯ ಹೆಲ್ಪ್ ಪೇಜ್ ಪೂರಾ ಇಂಗ್ಲಿಷ್. ನಾನೋ ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತು ಜೀವನವಿಡೀ ಇಂಗ್ಲಿಷ್ ಕಲಿಸಿದವಳು. ನಾನು ಓದಿ ಹೇಳುವುದು, ಅವರು ಟೈಪ್ ಮಾಡುವುದು. ದಟ್ ವಾಸ್ ಅವರ್ ಅಗ್ರಿಮೆಂಟ್.

ಅವರದೊಂದು ಪದ್ಧತಿ ಇತ್ತು. ಶೀಟ್ ಹಾಸಿದೊಡನೆ ಮೂಲೆಯಲ್ಲಿ ಉಗುರಿನಷ್ಟು ಗೆರೆ ಎಳೆಯಬೇಕು. ಪೆನ್ನೂ ನೋಡಿದಂತಾಯಿತು, ದೇವರನ್ನೂ ನೆನೆದಂತಾಯಿತು. ಕಂಪ್ಯೂಟರಿಗೆ ಬಂದರೂ ಅದನ್ನು ಬಿಡಲಿಲ್ಲ. ಬಣ್ಣವೂ ಅವರಿಗೆ ಒಗ್ಗದು, ಎಲ್ಲ ಕಪ್ಪು. ಸಾಲಿ ಬೋರಿಗೆ ಅಖಂಡ ಗೆರೆ, ಗುಡಿ ಬೋರಿಗೆ ತುಂಡು ಗೆರೆ. ಯಾವ ಗೆರೆ ಯಾವುದರದೆಂದು ಹೇಳುವ ಪುಟ್ಟ ಚೌಕಕ್ಕೆ ಲೆಜೆಂಡ್ ಅನ್ನುತ್ತಾರೆ. ಅದನ್ನು ಹಾಕುವುದು ಹೇಗೆಂದು ಕೇಳಿದಾಗ ಎಕ್ಸಾಂಪಲ್ ಒಂದನ್ನು ಓದಿ ಹೇಳಿದೆ. ಕೆಳಗೆ ಉದ್ದನೆಯ ನೋಟ್ ಇತ್ತು... ಬೇಸರವಾಗಿ ಸ್ಕಿಪ್ ಮಾಡಿದೆ. ಅವರು ಟೆಂಪಲ್, ಸ್ಕೂಲ್ ಎಂದು ಎರಡು ಹೆಸರು ಬರೆದು ಧಪ್ ಅಂತ ಎಂಟರ್ ಒತ್ತಿದರು.

ಚಿತ್ರದಲ್ಲಿ ಗುಡಿ ನೀರು ಕೆಟ್ಟದ್ದು, ಸಾಲಿ ನೀರು ಒಳ್ಳೆಯದು. ವಾರವಾರದ ಅಂಕಿಗಳು ಏರಿಳಿಯುತ್ತಿದ್ದುದರಿಂದ ಸರ್ ಕೂಡ ಆ ಚೌಕವನ್ನೇ ನಂಬಿದರು. ಪ್ರಿಂಟ್ ನೋಡಿದ ಅವತ್ತೇ ಪಂಚರು ಗುಡಿ ಬೋರಿನ ಹ್ಯಾಂಡಲ್ ಬಿಚ್ಚಿಸಿದರು. ಮಕ್ಕಳೆಲ್ಲ ಸಾಲಿ ನೀರಿಗೆ ಹತ್ತಿದರು. ಎಂಟು ದಿನ ಬಿಟ್ಟು ಓಣಿಯ ಸಭೆ, ಅಲ್ಲಿ ಸರ್ ಗ್ರಾಫ್ ತೋರಿಸುವುದು, ಅದೇ ದಿನ ಗುಡಿ ಬೋರಿಗೆ ಕಾಯಂ ಸಿಮೆಂಟ್.

ಸಭೆಯ ಬೆಳಿಗ್ಗೆ ಗ್ರಾಫಿನ ವಿಂಡೋ ತೆರೆದ ಕೂಡಲೇ ಮಾಯವಾಗುತ್ತಿತ್ತು. ಹೊರಗೆ ಸಿಮೆಂಟ್ ಹಾಕಲು ಬಂದ ಗೌಂಡಿ ಉಸುಕು ಕಲಸುವ ಸಪ್ಪಳ. ಸರ್ ಮತ್ತೆ ಮತ್ತೆ ಎಂಟರ್ ಒತ್ತುತ್ತಿದ್ದರು. ನಾನು ಹುಡುಕಿ ಓದಿದೆ: ಇಂಟರಾಕ್ಟಿವ್ ಮೋಡ್ ಆನ್ ಇದ್ದರೆ ಪ್ರೋಗ್ರಾಮ್ ಕಾಯುವುದಿಲ್ಲ, ಅದು ಮುಗಿದೊಡನೆ ವಿಂಡೋನೂ ಮುಚ್ಚುತ್ತದೆ. ಅದನ್ನು ಆನ್ ಮಾಡುವ ಒಂದು ಸಾಲನ್ನು ಸರ್ ತೆಗೆದರು. ವಿಂಡೋ ನಿಂತಿತು. ಆದರೆ ಲೆಜೆಂಡಿನ ಚೌಕ ಗೆರೆಯ ತುದಿಯ ಮೇಲೇ ಕೂತಿತ್ತು. ಅದನ್ನು ಸರಿಸಲು ಮತ್ತೆ ಅದೇ ಪೇಜ್ ತೆಗೆದೆ. ಈ ಸಲ ನೋಟ್ ಓದಿದೆ. ಹೆಸರುಗಳನ್ನಷ್ಟೇ ಕೊಟ್ಟರೆ, ಗೆರೆ ಎಳೆದ ಕ್ರಮದಲ್ಲೇ ಅವು ಒಂದೊಂದಕ್ಕೆ ಹೋಗುತ್ತವಂತೆ.

ಸರ್ ಮ್ಯಾಗ್ನಿಫೈಯರ್ ಒತ್ತಿ ವಿಂಡೋದ ಮೂಲೆಯನ್ನು ದೊಡ್ಡದು ಮಾಡಿದರು. ಅಲ್ಲಿತ್ತು, ಉಗುರಿನಷ್ಟು ಅಖಂಡ ಗೆರೆ.

"ಅಕ್ಕಾರ, ಮೊದಲನೇ ಗೆರಿ ದೇವರದ್ರಿ" ಅಂದರು.

ಗುಡಿ ಬೋರಿನ ಹೆಸರು ದೇವರ ಗೆರೆಗೆ ಹೋಗಿತ್ತು. ಸಾಲಿಯ ಹೆಸರು ಗುಡಿಯ ತುಂಡು ಗೆರೆಗೆ. ಸಾಲಿಯ ನಿಜವಾದ ಗೆರೆ ಹೆಸರಿಲ್ಲದೆ ಉಳಿದಿತ್ತು. ದೇವರ ಗೆರೆಯಂತೆ ಅದೂ ಅಖಂಡವಾದ್ದರಿಂದ ನೋಡಿದವರಿಗೆಲ್ಲ ಗುಡಿಯದೇ ಅನ್ನಿಸಿತ್ತು. ಎಲ್ಲಾ ತಿರುವುಮುರುವು. ಎಂಟು ದಿನ ಮಕ್ಕಳಿಗೆ ನಾವೇ ಕೆಟ್ಟ ನೀರು ಕುಡಿಸಿದ್ದೆವು...

ಎರಡೂ ಬೋರಿನ ಗೆರೆಗೆ ಅದರದರ ಹೆಸರನ್ನು ಎಳೆಯುವಾಗಲೇ ಕೊಟ್ಟರು. ದೇವರ ಗೆರೆಗೆ ಹೆಸರಿಲ್ಲ, ಲೆಜೆಂಡಿನಲ್ಲಿ ಅದು ಬರಲೇ ಇಲ್ಲ. ತೆರೆದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಹೊರಟರು. ಗೌಂಡಿ ಆಗಲೇ ಸಿಮೆಂಟಿನ ಪುಟ್ಟಿ ಎತ್ತಿದ್ದ. ಸರ್ ಬೋರಿನ ಪೈಪಿನ ಬಾಯಿಗೆ ಅಂಗೈ ಅಡ್ಡ ಇಟ್ಟರು.

ಸಭೆಯಲ್ಲಿ ಮಾತುಗಳು ಹರಿತವಾಗಿದ್ದವು. ಹಿಂದಿನ ಓಣಿಯ ಹಾಲಿನಾಕೆ, ಮೂರು ಮಕ್ಕಳ ತಾಯಿ, ಎದ್ದು ನಿಂತು, "ಸರ, ನಿಮ್ಮ ಕಂಪ್ಯೂಟರ್ ಶಾಣ್ಯಾತನ ನಿಮ್ಮ ಮನ್ಯಾಗ ಇಟ್ಕೋರಿ. ನಮ್ಮ ಹುಡುಗೂರ ಮ್ಯಾಲೆ ಬ್ಯಾಡ್ರಿ" ಅಂದಳು. ಯಾರೋ ನಕ್ಕರು.

"ತಪ್ಪು ನಂದವಾ. ನನ್ನ ಒಬ್ಬಾಂವಂದs" ಅಂದರು ಸರ್. ನಾನು ಹೆಂಗಸರ ಸಾಲಿನಲ್ಲಿ ಪರ್ಸಿನ ಝಿಪ್ ಎಳೆಯುತ್ತ ಕೂತಿದ್ದೆ. ಆ ನೋಟ್ ಸ್ಕಿಪ್ ಮಾಡಿದವಳು ನಾನೆಂದು ಅವರಿಗೂ ಗೊತ್ತಿರಲಿಲ್ಲ.

ಅಂದಿನಿಂದ ಗೋಡೆಯಾಚೆ ಸಪ್ಪಳವಿಲ್ಲ. ಸ್ವಲ್ಪ ದಿನಕ್ಕೆ ಕಿತ್ತೂರಿನ ಮಗಳ ಮನೆಗೆ ಹೊರಟರು. ಹೋದ ಚಳಿಗಾಲ ಅಲ್ಲೇ ತೀರಿಕೊಂಡರೆಂದು ಫೋನ್ ಬಂತು. ಹೋಗಲಾಗಲಿಲ್ಲ. ಹಾಗಾಗಿ ನಾನು ಕೊನೆಗೆ ನೋಡಿದ್ದು ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲೇ, ಕಿಟಕಿ ಸೀಟಿನಲ್ಲಿ. ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದೆ.

"ಹುಡುಗೂರು ಈಗ ಯಾವ ನೀರು ಕುಡ್ಯಾಕತ್ತಾವ್ರಿ?" ಎಂದು ಕೇಳಿದರು. ಗುಡಿದು ಅಂದೆ. ತಲೆಯಾಡಿಸಿದರು.

"ಅವತ್ತ ನೀವು ಪೂರಾ ಓದಿದ್ರಿ ಅಂತ ಉಳೀತ್ರಿ, ಅಕ್ಕಾರ. ಬ್ಯಾರೆಯವರಾಗಿದ್ರ ಬಿಟ್ಟುಬಿಡತಿದ್ರು."

ಬಸ್ಸು ಅಲುಗಿತು. ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ಜೊತೆಗೇ ನಡೆದೆ. ನನ್ನ ಬಾಯಿಂದ ಬಂದದ್ದು ಹ್ಯಾಪಿ ಜರ್ನಿ, ಅಷ್ಟೇ.